ಫ್ಲಿಪ್ ಆಗುವ ಫ್ಲಾಶ್‌ಕಾರ್ಡ್ ಯಾವುದರಲ್ಲಿ ಮಾಡಬೇಕು? ಆನ್‌ಲೈನ್ ಕೋರ್ಸ್ ಮಾಡುವವರಿಗೆ ಒಂದು ಹೋಲಿಕೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ಆನ್‌ಲೈನ್ ಕೋರ್ಸ್ ಮಾಡುವವರು ಈಗ ಬಹಳ ಮಂದಿ ಇದ್ದಾರೆ. ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ತಯಾರಿ ಮಾಡಿಸುವ ಕೋಚಿಂಗ್‌ನವರು, ನರ್ಸಿಂಗ್ ಕಾಲೇಜಿನ ಉಪನ್ಯಾಸಕರು, ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು, ತೊಗರಿ ಬೆಳೆಗಾರರಿಗೆ ಮಾಹಿತಿ ಕೊಡುವವರು. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಒತ್ತಿದ್ರ ಕಾರ್ಡ್ ತಿರುಗಿ ಉತ್ತರ ತೋರಿಸ್ಬೇಕ್ರಿ. ಯಾವುದ್ರಾಗ ಮಾಡಿದ್ರ ಚಲೋ?" ಪವರ್‌ಪಾಯಿಂಟ್ ಸಾಕು ಅಂತ ಒಬ್ಬರು ಹೇಳಿರುತ್ತಾರೆ. ಕೋರ್ಸ್ ಕಟ್ಟುವ ಸ್ಟೋರಿಲೈನ್ ತಂತ್ರಾಂಶ ಕೊಳ್ಳಿ ಅಂತ ಇನ್ನೊಬ್ಬರು, ವೆಬ್ ಪುಟದಲ್ಲಿ ಕಾರ್ಡ್, ಕ್ವಿಜ್ ಮಾಡುವ ಎಚ್5ಪಿ ಪುಕ್ಕಟೆ ಸಿಗುತ್ತದೆ ಅಂತ ಮತ್ತೊಬ್ಬರು. ಮೂವರೂ ತಂತಮ್ಮ ಕೆಲಸಕ್ಕೆ ಸರಿಯಾದದ್ದನ್ನೇ ಹೇಳಿದ್ದಾರೆ. ನಿಮ್ಮ ಕೆಲಸ ಯಾವುದು ಅನ್ನುವುದು ಮೊದಲು ಗೊತ್ತಾಗಬೇಕು. ಹಾಗಾಗಿ ಉಪಕರಣದ ಹೆಸರು ಎತ್ತುವ ಮುಂಚೆ ಅವನ್ನು ಯಾವುದರಿಂದ ಅಳೆಯಬೇಕು ಎಂಬುದನ್ನು ನೋಡೋಣ.

ಯಾವುದರಿಂದ ಅಳೆಯುವುದು

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು: ಕಾರ್ಡ್ ತಿರುಗುವ ಮುಂಚೆ ಕಲಿಯುವವರು ಯೋಚಿಸುತ್ತಾರೋ ಇಲ್ಲವೋ? ಕಾರ್ಡ್ ತಿರುಗಲು ಅರ್ಧ ಸೆಕೆಂಡು ಹಿಡಿಯುತ್ತದೆ. ಆ ಅರ್ಧ ಸೆಕೆಂಡು ಎಷ್ಟೇ ಚೆಂದ ಇರಲಿ, ಅದರಿಂದ ಯಾರೂ ಏನೂ ಕಲಿಯುವುದಿಲ್ಲ. ಅದಕ್ಕೂ ಮುಂಚೆ 'ಉತ್ತರ ಏನಿರಬಹುದು' ಎಂದು ನೆನಪು ಕೆದಕುವ ಹೊತ್ತಿದೆಯಲ್ಲ, ಕಲಿಕೆ ಆಗುವುದು ಅಲ್ಲಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿತು. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಓದಿದ್ದನ್ನು ನೆನಪಿನಿಂದ ಬರೆಯಿತು. ಐದು ನಿಮಿಷದ ಬಳಿಕ ಪರೀಕ್ಷೆ ಇಟ್ಟಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ಬಳಿಕ ಇಟ್ಟಾಗ ನೆನಪಿನಿಂದ ಬರೆದವರು ಮುಂದಿದ್ದರು. ನಮ್ಮ ಹುಡುಗರಿಗೆ ಪರೀಕ್ಷೆ ಇರುವುದು ಐದು ನಿಮಿಷದ ಮೇಲೆ ಅಲ್ಲ, ತಿಂಗಳುಗಳ ಮೇಲೆ. ಆದ್ದರಿಂದ ಒಂದು ಉಪಕರಣ 'ಗೊತ್ತಿತ್ತು', 'ಗೊತ್ತಿರಲಿಲ್ಲ' ಎಂದು ಗುರುತು ಹಾಕಲು ಬಿಟ್ಟು, ತಪ್ಪಿದ ಕಾರ್ಡನ್ನು ಮತ್ತೆ ಎದುರಿಗೆ ತರುತ್ತದೆ ಎಂದರೆ ಅದಕ್ಕೆ ನಾನು ಮೊದಲ ಮಣೆ ಹಾಕುತ್ತೇನೆ.

ಎರಡನೆಯದು ಫೋನು. ನೀವು ಕಾರ್ಡ್ ಮಾಡುವುದು ಲ್ಯಾಪ್‌ಟಾಪಿನಲ್ಲಿ. ಸುರಪುರದ ಹಳ್ಳಿಯ ಹುಡುಗಿ ಅದನ್ನು ತೆರೆಯುವುದು ಅಣ್ಣನ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ, ಅದೂ ಸಂಜೆ ಅವನು ಮನೆಗೆ ಬಂದ ಮೇಲೆ. ಪರದೆ ಸಣ್ಣದು, ದಿನದ ಡೇಟಾ ಅಷ್ಟೊತ್ತಿಗೆ ಖಾಲಿಯಾಗುತ್ತಾ ಬಂದಿರುತ್ತದೆ. ಒಂದು ಸಲ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತದೆಯೇ ಎಂದು ಕೇಳಿಕೊಳ್ಳಿ.

ಮೂರನೆಯದು ಅಕ್ಷರ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಇಂಗ್ಲಿಷಿಗೆ ಅಳತೆ ಮಾಡಿದ ಕಾರ್ಡಿನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಇನ್ನು ಟೈಪ್‌ರೈಟರ್ ಹಾಗೆ ಅಕ್ಷರ ಅಕ್ಷರವಾಗಿ ಮೂಡುವ ಅನಿಮೇಶನ್ ಇದೆಯಲ್ಲ, ಅದನ್ನು ಕನ್ನಡಕ್ಕೆ ಬಳಸಲೇಬೇಡಿ. ಕಂಪ್ಯೂಟರ್ ಲೆಕ್ಕದಲ್ಲಿ 'ಕ್ಷ' ಎಂದರೆ ಕ, ಹಲಂತ, ಷ ಎಂಬ ಮೂರು ತುಣುಕು. ಅವು ಒಂದೊಂದಾಗಿ ಬಂದರೆ ಪರದೆಯ ಮೇಲೆ ಮೊದಲು ಕ, ಆಮೇಲೆ ಕ್, ಕೊನೆಗೆ ಕ್ಷ ಕಾಣುತ್ತದೆ. ಈಗಷ್ಟೇ ಓದಲು ಕಲಿಯುತ್ತಿರುವ ಮಗುವಿಗೆ ಇದಕ್ಕಿಂತ ಗೊಂದಲ ಬೇರೆ ಬೇಡ. ನಮ್ಮ ಭಾಗದಲ್ಲಿ ಉರ್ದು ಮಾಧ್ಯಮದ ಮಕ್ಕಳೂ ಇದ್ದಾರೆ. ಬಲದಿಂದ ಎಡಕ್ಕೆ ಓದುವ ಸಾಲನ್ನು ಉಪಕರಣ ಸರಿಯಾಗಿ ಕೂಡಿಸುತ್ತದೆಯೇ ಎಂದು ಒಂದು ಕಾರ್ಡ್ ಮಾಡಿ ನೋಡಿದರೆ ಗೊತ್ತಾಗುತ್ತದೆ.

ಉಳಿದವು ಬೇಗ ಹೇಳಿ ಮುಗಿಸುವಂಥವು. ಯಾರು ಎಷ್ಟು ಕಾರ್ಡ್ ಮಾಡಿದರು ಎಂಬ ದಾಖಲೆ ನಿಮಗೆ ಬೇಕೆ? ಕೈಯಲ್ಲಿ ದುಡ್ಡು ಎಷ್ಟಿದೆ? ಮುಂದಿನ ವರ್ಷ ಒಂದು ಉತ್ತರ ಬದಲಾದರೆ ತಿದ್ದುವವರು ಯಾರು? ಈ ಕೊನೆಯದನ್ನು ಬಹಳ ಮಂದಿ ಕೇಳಿಕೊಳ್ಳುವುದೇ ಇಲ್ಲ. ಕಾರ್ಡ್ ಮಾಡಿಕೊಟ್ಟ ಹುಡುಗ ಬೆಂಗಳೂರಿಗೋ ಹೈದರಾಬಾದಿಗೋ ಕೆಲಸಕ್ಕೆ ಹೋದ ಮೇಲೆ ಫೈಲ್ ಇದ್ದೂ ಇಲ್ಲದಂತಾಗುತ್ತದೆ.

ತಿರುಗಬೇಕೋ, ಮಸುಕಾಗಿ ಬದಲಾಗಬೇಕೋ

ಉಪಕರಣ ಆರಿಸುವ ಮುಂಚೆ ಇದೊಂದನ್ನು ತೀರ್ಮಾನಿಸಿದರೆ ಅರ್ಧ ಕೆಲಸ ಮುಗಿದಂತೆ. ಬೀದರಿನ ಬಿದ್ರಿ ಕೆಲಸದ ಬಗ್ಗೆ ಒಂದು ಸಣ್ಣ ಕೋರ್ಸ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಬಿದ್ರಿ ಪಾತ್ರೆಯ ಲೋಹದಲ್ಲಿ ಸತುವೇ ಹೆಚ್ಚು, ತಾಮ್ರ ಸ್ವಲ್ಪ. ಎರಕ ಹೊಯ್ದು, ಅರದಿಂದ ಉಜ್ಜಿ ನಯ ಮಾಡಿದ ಮೇಲೆ ಮೈಲುತುತ್ತದ ದ್ರಾವಣ ಬಳಿಯುತ್ತಾರೆ. ಮೈ ಕಪ್ಪಾಗುತ್ತದೆ, ಅದರ ಮೇಲೆ ಕೊರೆದ ಗೆರೆ ಎದ್ದು ಕಾಣುತ್ತದೆ. ಈ ಕಪ್ಪು ಆ ಹೊತ್ತಿನ ಕೆಲಸಕ್ಕೆ ಮಾತ್ರ. ಗೆರೆಯೊಳಗೆ ಬೆಳ್ಳಿಯ ತಂತಿ ಕೂಡಿಸಿ ಉಜ್ಜಿದಾಗ ಅದು ಹೋಗುತ್ತದೆ. ಉಳಿಯುವ ಕಪ್ಪು ಬರುವುದು ಕೊನೆಯಲ್ಲಿ: ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಪಾತ್ರೆಗೆ ಹಚ್ಚಿದಾಗ. ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ.

ಹೊಸಬರಿಗೆ ಈ ಎರಡು ಕಪ್ಪು ಬೆರೆತುಹೋಗುತ್ತವೆ. 'ಕೊರೆಯುವ ಮುಂಚೆ ಪಾತ್ರೆಯನ್ನು ಕಪ್ಪು ಮಾಡುವುದು ಏಕೆ?' ಎಂಬ ಪ್ರಶ್ನೆಗೆ ಫ್ಲಿಪ್ ಸರಿ. ಮುಂದೆ ಪ್ರಶ್ನೆ, ಹಿಂದೆ ಉತ್ತರ, ನಡುವೆ ಒಂದು ತಿರುವು. ಆದರೆ 'ಮಣ್ಣು ಹಚ್ಚಿದ ಮೇಲೆ ಏನಾಗುತ್ತದೆ?' ಎಂಬ ಕಾರ್ಡಿನಲ್ಲಿ ಎರಡು ಫೋಟೋ ಇವೆ. ಮೊದಲಿನದರಲ್ಲಿ ಬೂದುಬಣ್ಣದ ಲೋಹದೊಳಗೆ ಬೆಳ್ಳಿ ಅಷ್ಟಾಗಿ ಕಾಣದು. ಎರಡನೆಯದರಲ್ಲಿ ಕಪ್ಪಿನ ನಡುವೆ ಅದೇ ಬೆಳ್ಳಿ ಹೊಳೆಯುತ್ತದೆ. ಇಲ್ಲಿ ಕಾರ್ಡ್ ತಿರುಗಿಸಿದರೆ ಚಿತ್ರ ಕಣ್ಣಿನಿಂದ ಜಾರಿಹೋಗುತ್ತದೆ, ಎಲ್ಲಿ ಏನು ಬದಲಾಯಿತು ಎಂದು ಹಿಡಿಯಲು ಆಗುವುದಿಲ್ಲ. ಚಿತ್ರ ಇದ್ದಲ್ಲೇ ಇದ್ದು ಒಂದರೊಳಗಿಂದ ಇನ್ನೊಂದು ಮೆಲ್ಲಗೆ ಮೂಡಿದರೆ ಲೋಹ ಕಪ್ಪಾಗುವುದೂ ಬೆಳ್ಳಿ ಹಾಗೇ ಉಳಿಯುವುದೂ ಕಣ್ಣೆದುರೇ ನಡೆಯುತ್ತದೆ. ಫೇಡ್ ಎನ್ನುವ ಸರಳ ಅನಿಮೇಶನ್ ಇಲ್ಲಿ ಫ್ಲಿಪ್‌ಗಿಂತ ಹೆಚ್ಚು ಕಲಿಸುತ್ತದೆ.

ತೊಗರಿಯ ವಿಷಯದಲ್ಲೂ ಹೀಗೇ. ನೆಟೆ ರೋಗದ ಗಿಡ, ಗೊಡ್ಡು ರೋಗದ ಗಿಡ ಎರಡರ ಫೋಟೋ ಹಾಕಿ ಹೆಸರು ಕೇಳಿದರೆ ಅದು ಫ್ಲಿಪ್ ಕಾರ್ಡು. ಹಿಂಬದಿಯಲ್ಲಿ ಹೆಸರು, ಜೊತೆಗೆ ಒಂದು ಸಾಲು: ನೆಟೆ ರೋಗ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುತ್ತದೆ, ಗೊಡ್ಡು ರೋಗವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಹರಡುತ್ತದೆ. ರೈತರಿಗಾದರೆ ಆ ಸಾಲನ್ನು ನಮ್ಮ ಮಾತಿನಲ್ಲೇ ಓದಿ ರೆಕಾರ್ಡ್ ಮಾಡಿ ಕಾರ್ಡಿಗೆ ಸೇರಿಸಿ. ಹೊಲದ ಬಿಸಿಲಿನಲ್ಲಿ ಫೋನಿನ ಅಕ್ಷರ ಕಾಣುವುದಿಲ್ಲ, ದನಿ ಕೇಳುತ್ತದೆ.

ಪವರ್‌ಪಾಯಿಂಟ್ ಮತ್ತು ಗೂಗಲ್ ಸ್ಲೈಡ್ಸ್

ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿಂದಲೇ ಶುರು ಮಾಡೋಣ. ಪವರ್‌ಪಾಯಿಂಟ್‌ನಲ್ಲಿ ಒಂದರ ಮೇಲೊಂದು ಎರಡು ಚೌಕ ಇಟ್ಟು, ಮೇಲಿನದಕ್ಕೆ ಕೊಲ್ಯಾಪ್ಸ್ ಎಂಬ ಎಕ್ಸಿಟ್, ಕೆಳಗಿನದಕ್ಕೆ ಸ್ಟ್ರೆಚ್ ಎಂಬ ಎಂಟ್ರನ್ಸ್ ಕೊಟ್ಟು, ಎರಡನೆಯದನ್ನು 'ಆಫ್ಟರ್ ಪ್ರೀವಿಯಸ್' ಮಾಡಿದರೆ ಕಾರ್ಡ್ ತಿರುಗಿದ ಹಾಗೇ ಕಾಣುತ್ತದೆ. ಒಂದೊಂದಕ್ಕೆ ಕಾಲು ಸೆಕೆಂಡು ಸಾಕು. ಟ್ರಿಗರ್‌ನಲ್ಲಿ ಮೇಲಿನ ಚೌಕವನ್ನೇ ಆರಿಸಿದರೆ ಮುಟ್ಟಿದ ಕಾರ್ಡ್ ಮಾತ್ರ ತಿರುಗುತ್ತದೆ. ಗೂಗಲ್ ಸ್ಲೈಡ್ಸ್‌ನಲ್ಲಿ ಈ ಟ್ರಿಗರ್ ಇಲ್ಲ. ಪ್ರಶ್ನೆಯ ಸ್ಲೈಡಿನಿಂದ ಉತ್ತರದ ಸ್ಲೈಡಿಗೆ ಲಿಂಕ್ ಕೊಡಬೇಕು.

ತರಗತಿಯಲ್ಲಿ ಸ್ಮಾರ್ಟ್ ಬೋರ್ಡ್ ಮುಂದೆ ನಿಂತು ಪಾಠ ಮಾಡುವ ಮೇಷ್ಟ್ರಿಗೆ ಇದಕ್ಕಿಂತ ಮೇಲಿನದು ಬೇಡವೇ ಬೇಡ. "ಯಾರು ಹೇಳ್ತೀರಿ?" ಎಂದು ಕೇಳಿ, ಮಕ್ಕಳು ಕೂಗುವವರೆಗೂ ಕಾದು, ಆಮೇಲೆ ಮುಟ್ಟುತ್ತೀರಿ. ಯೋಚಿಸುವ ಆ ಹೊತ್ತನ್ನು ನೀವೇ ಕಾಯುತ್ತೀರಿ. ಮಗು ಒಬ್ಬಂಟಿಯಾಗಿ ಫೋನಿನಲ್ಲಿ ನೋಡುವಾಗ ಆ ಕಾವಲು ಇಲ್ಲ. ಗುರುತು ಹಾಕುವ ಗುಂಡಿ ಇಲ್ಲ, ತಪ್ಪಿದ ಕಾರ್ಡ್ ಮರಳಿ ಬರುವುದಿಲ್ಲ, ದಾಖಲೆಯೂ ಇಲ್ಲ. ಪಿಡಿಎಫ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದರಂತೂ ಅನಿಮೇಶನ್ ಎಲ್ಲ ಹೋಗಿ ಬರೀ ಪುಟ ಉಳಿಯುತ್ತದೆ, ಒಂದರ ಮೇಲೊಂದು ಇಟ್ಟ ಚೌಕಗಳಲ್ಲಿ ಮೇಲಿನದಷ್ಟೇ ಕಾಣುತ್ತದೆ. ವಿಡಿಯೋ ಮಾಡಿದರೆ ಮುಟ್ಟುವ ಕೆಲಸವೇ ಇಲ್ಲ, ಕಾರ್ಡ್ ತಾನಾಗಿಯೇ ತಿರುಗುವಂತೆ ಇಡಬೇಕು. ಹಾಗಾದಾಗ ಪ್ರಶ್ನೆ ಮತ್ತು ಉತ್ತರದ ನಡುವೆ ಐದಾರು ಸೆಕೆಂಡು ಬಿಡುವುದೊಂದೇ ದಾರಿ.

ಕ್ಯಾನ್ವಾದ ಮಾತೂ ಇಲ್ಲೇ ಮುಗಿಸುತ್ತೇನೆ. ಕಾರ್ಡಿನ ಚಿತ್ರ, ಬಣ್ಣ, ಅಂಚು ಮಾಡಿಕೊಳ್ಳಲು ಅದು ಒಳ್ಳೆಯದು. ಮಾಡಿಕೊಂಡ ಚಿತ್ರವನ್ನು ಕೆಳಗಿನ ಯಾವುದಾದರೂ ಒಂದರೊಳಗೆ ಹಾಕಿ.

ಎಚ್5ಪಿ

ಹೆಚ್ಚಿನ ಓದುಗರಿಗೆ ನಾನು ಹೇಳುವುದು ಇದನ್ನೇ. ಮುಕ್ತ ತಂತ್ರಾಂಶ, ಹಣ ಕೊಡಬೇಕಿಲ್ಲ. ಕಾಲೇಜಿನಲ್ಲಿ ಮೂಡಲ್ (ಆನ್‌ಲೈನ್ ಕೋರ್ಸ್ ನಡೆಸುವ ತಂತ್ರಾಂಶ, ಇಂಥದ್ದಕ್ಕೆ ಎಲ್‌ಎಂಎಸ್ ಅನ್ನುತ್ತಾರೆ) ಇದ್ದರೆ ಅದರೊಳಗೇ ಇರುತ್ತದೆ. ವರ್ಡ್‌ಪ್ರೆಸ್ ತಾಣ ಇದ್ದರೆ ಪ್ಲಗಿನ್ ಹಾಕಿಕೊಳ್ಳಬಹುದು. ಎರಡೂ ಇಲ್ಲದವರು ಲೂಮಿ ಎಂಬ ಪುಕ್ಕಟೆ ತಂತ್ರಾಂಶವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕಾರ್ಡ್ ಮಾಡಿ, ಎಚ್‌ಟಿಎಂಎಲ್ ಫೈಲಾಗಿಯೋ ಎಲ್‌ಎಂಎಸ್‌ಗೆ ಏರಿಸುವ ಸ್ಕಾರ್ಮ್ ಪ್ಯಾಕೇಜಾಗಿಯೋ ಹೊರತೆಗೆಯಬಹುದು.

ಇದರಲ್ಲಿ ಎರಡು ಬಗೆಯ ಕಾರ್ಡ್ ಇವೆ, ಹೆಸರು ನೋಡಿ ಮೋಸಹೋಗಬೇಡಿ. 'ಫ್ಲಾಶ್‌ಕಾರ್ಡ್ಸ್' ಎಂಬುದರಲ್ಲಿ ಚಿತ್ರ ನೋಡಿ ಉತ್ತರ ಟೈಪ್ ಮಾಡಬೇಕು. ಬರೀ ತಿರುಗಿಸಿ ನೋಡದೆ, ಯೋಚಿಸಿ ಉತ್ತರ ಬರೆಯಬೇಕಾಗುತ್ತದೆ ಎಂಬುದು ಇದರ ಹೆಚ್ಚುಗಾರಿಕೆ. ಆದರೆ ಟೈಪ್ ಮಾಡಿದ್ದು ನೀವು ಬರೆದ ಉತ್ತರಕ್ಕೆ ಹೊಂದಬೇಕು. 'ಮಳಖೇಡ' ಎಂದು ನೀವು ಬರೆದಿದ್ದು ಹುಡುಗ 'ಮಳಖೇಡ್' ಎಂದು ಹೊಡೆದರೆ ತಪ್ಪು ಅನ್ನುತ್ತದೆ. ಇಸವಿ, ಅಂಕಿ, ಚಿಕ್ಕ ಪದಗಳಿಗೆ ಸರಿ. ಬೀದರಿನ ಮಹಮೂದ್ ಗವಾನ್ ಮದರಸಾ ಕಟ್ಟಿದ್ದು ಯಾವಾಗ ಎಂಬ ಪ್ರಶ್ನೆಗೆ 1472 ಎಂದು ಹೊಡೆಯುವುದರಲ್ಲಿ ಗೊಂದಲ ಇಲ್ಲ.

ತಿರುಗುವ ಕಾರ್ಡ್ ಬೇಕಾದವರು 'ಡೈಲಾಗ್ ಕಾರ್ಡ್ಸ್' ಆರಿಸಬೇಕು. ಎರಡೂ ಬದಿಗೆ ಪಠ್ಯ, ಜೊತೆಗೆ ಚಿತ್ರ, ದನಿ ಹಾಕಬಹುದು, ಬೇಕಾದರೆ ಸುಳಿವನ್ನೂ ಕೊಡಬಹುದು. ಸೆಟ್ಟಿಂಗ್‌ನಲ್ಲಿ ಮೋಡ್ ಎಂಬಲ್ಲಿ 'ರಿಪಿಟೇಶನ್' ಆರಿಸಿ. ಆಗ ಕಾರ್ಡ್ ತಿರುಗಿದ ಮೇಲೆ ಸರಿಯಾಯಿತೋ ತಪ್ಪಾಯಿತೋ ಎಂದು ಕಲಿಯುವವರೇ ಒತ್ತಬೇಕು, ತಪ್ಪಿದವು ಮತ್ತೆ ಬರುತ್ತವೆ. ನಾನು ಮೊದಲಿಗೆ ಹೇಳಿದ ಅಳತೆಗೆ ಇದು ಚೆನ್ನಾಗಿ ಹೊಂದುತ್ತದೆ. ಗುಂಡಿಗಳ ಮೇಲಿನ ಇಂಗ್ಲಿಷ್ ಪದಗಳನ್ನೂ ನೀವೇ ಬದಲಿಸಬಹುದು. 'ಗೊತ್ತಿತ್ತು', 'ಮತ್ತೊಮ್ಮೆ ಬರಲಿ' ಎಂದು ಹಾಕಿದರೆ ಮಕ್ಕಳು ಅಳುಕದೆ ಒತ್ತುತ್ತಾರೆ. 'ತಪ್ಪು' ಎಂಬ ಗುಂಡಿಯನ್ನು ತಾವಾಗಿ ಒತ್ತಲು ಯಾರಿಗೂ ಮನಸ್ಸು ಬರುವುದಿಲ್ಲ.

ಕೊರತೆ ಏನೆಂದರೆ, ಇದು ಅಂಕ ಹಾಕುವ ಕಾರ್ಡಲ್ಲ. ಅಂಕ ಬೇಕಿದ್ದರೆ ಇದರ ಬೆನ್ನಿಗೆ ಒಂದು ಸಣ್ಣ ಕ್ವಿಜ್ ಇಡಬೇಕು. ನೋಟವನ್ನೂ ನಿಮಗೆ ಬೇಕಾದಂತೆ ಬದಲಿಸುವುದು ಕಷ್ಟ. ಉತ್ತರ ಉದ್ದವಾದರೆ ಕಾರ್ಡಿನೊಳಗೆ ಉರುಳಿಸಿ ಓದಬೇಕಾಗುತ್ತದೆ, ಆದ್ದರಿಂದ ಹಿಂಬದಿ ಎರಡು ಸಾಲು ದಾಟದಿರಲಿ. ಫೋನಿನ ಮೂಡಲ್ ಆ್ಯಪ್‌ನಲ್ಲಿ ಮೊದಲೇ ಇಳಿಸಿಕೊಂಡರೆ ನೆಟ್ ಇಲ್ಲದಾಗಲೂ ತೆರೆಯುತ್ತದೆ. ಲೂಮಿಯ ಎಚ್‌ಟಿಎಂಎಲ್ ಫೈಲನ್ನು ನೇರವಾಗಿ ವಾಟ್ಸಾಪಿನಲ್ಲಿ ಕಳಿಸುವುದಕ್ಕಿಂತ ಒಂದು ತಾಣಕ್ಕೆ ಏರಿಸಿ ಲಿಂಕ್ ಕೊಡುವುದು ಲೇಸು.

ಸ್ಟೋರಿಲೈನ್ ಮತ್ತು ರೈಸ್

ಇವೆರಡೂ ಆರ್ಟಿಕ್ಯುಲೇಟ್ 360 ಎಂಬ ಒಂದೇ ಚಂದಾದಲ್ಲಿ ಬರುತ್ತವೆ. ಚಂದಾ ವರ್ಷಕ್ಕೆ ಸಾವಿರ ಡಾಲರಿಗೂ ಮೇಲು. ಊರಿನ ಕೋಚಿಂಗ್ ಕೇಂದ್ರಕ್ಕೆ ಇದು ಸಣ್ಣ ಮೊತ್ತವಲ್ಲ. ಆ ದುಡ್ಡಿನಲ್ಲಿ ಒಬ್ಬ ಒಳ್ಳೆಯ ಶಿಕ್ಷಕರಿಗೆ ತಿಂಗಳುಗಟ್ಟಲೆ ಪ್ರಶ್ನೆ ಬರೆಯುವ ಕೆಲಸ ಕೊಡಬಹುದು. ಕಾರ್ಡುಗಳ ಗುಣ ಏರುವುದು ಅದರಿಂದಲೇ ಎಂಬುದು ನನ್ನ ನಂಬಿಕೆ.

ಹಾಗಾದರೆ ಯಾರಿಗೆ ಇದು? ಬೆಂಗಳೂರಿನ, ಹೈದರಾಬಾದಿನ ಕಂಪನಿಗಳಿಗೆ ಮನೆಯಿಂದಲೇ ಕೋರ್ಸ್ ಮಾಡಿಕೊಡುವ ಯುವಕ ಯುವತಿಯರು ಈಗ ಕಲಬುರಗಿಯಲ್ಲೂ ಇದ್ದಾರೆ. ಕಂಪನಿಯವರು ಸ್ಟೋರಿಲೈನ್ ಫೈಲನ್ನೇ ಕೇಳುತ್ತಾರೆ, ಆಗ ಬೇರೆ ದಾರಿ ಇಲ್ಲ. ಅಂಥವರು 30 ದಿನದ ಉಚಿತ ಟ್ರಯಲ್‌ನಲ್ಲಿ ಕಲಿತು, ಕೆಲಸ ಕೈಗೆ ಬಂದ ಮೇಲೆ ಚಂದಾ ಕಟ್ಟುವುದು ಜಾಣತನ. ರೈಸ್‌ನಲ್ಲಿ ಫ್ಲಾಶ್‌ಕಾರ್ಡ್ ಬ್ಲಾಕ್ ಸಿದ್ಧವಾಗಿಯೇ ಇದೆ, ಪಠ್ಯ ಹಾಕಿದರೆ ಮುಗಿಯಿತು, ಫೋನಿನ ಪರದೆಗೂ ತಾನೇ ಹೊಂದಿಕೊಳ್ಳುತ್ತದೆ. ಸ್ಟೋರಿಲೈನ್‌ನಲ್ಲಿ ಲೇಯರ್, ಸ್ಟೇಟ್, ವೇರಿಯಬಲ್ ಬಳಸಿ ಎಲ್ಲವನ್ನೂ ನೀವೇ ಕಟ್ಟಬೇಕು. ವಿಂಡೋಸ್ ಕಂಪ್ಯೂಟರ್ ಬೇಕು. ಕಟ್ಟಿದ ಮೇಲೆ ಮಾತ್ರ ಬೇಕಾದ್ದು ಮಾಡಿಸಬಹುದು: ಕಲಿಯುವವರು ಉತ್ತರ ಟೈಪ್ ಮಾಡುವವರೆಗೆ ಕಾರ್ಡ್ ತಿರುಗದು, ಎಲ್ಲ ಕಾರ್ಡ್ ನೋಡುವವರೆಗೆ 'ಮುಂದೆ' ಗುಂಡಿ ಮೂಡದು.

ಇಲ್ಲೊಂದು ತಾಂತ್ರಿಕ ಎಚ್ಚರಿಕೆ. ಹಳೆಯ ಸ್ಕಾರ್ಮ್ 1.2 ಈಗಲೂ ಎಲ್ಲೆಡೆ ಬಳಕೆಯಲ್ಲಿದೆ. ಕಲಿಯುವವರು ಎಲ್ಲಿಗೆ ನಿಲ್ಲಿಸಿದರು ಎಂದು ನೆನಪಿಡಲು ಅದರಲ್ಲಿ 4096 ಅಕ್ಷರಗಳಷ್ಟೇ ಜಾಗ. ಒಂದೇ ಕೋರ್ಸಿನಲ್ಲಿ ನೂರಾರು ಕಾರ್ಡ್, ಪ್ರತಿ ಕಾರ್ಡಿನ ಸ್ಥಿತಿಯನ್ನೂ ಉಳಿಸಲು ಹೊರಟರೆ ಆ ಜಾಗ ತುಂಬಿ ದಾಖಲೆ ಕೈಕೊಡಬಹುದು. ಕೋರ್ಸನ್ನು ಸಣ್ಣ ಸಣ್ಣ ಘಟಕ ಮಾಡಿ, ಇಲ್ಲವೇ ನಿಮ್ಮ ಎಲ್‌ಎಂಎಸ್ ಒಪ್ಪಿದರೆ ಸ್ಕಾರ್ಮ್ 2004 ಆರಿಸಿ.

ಆಂಕಿ

ಆಂಕಿ ಎಂದರೆ ಫ್ಲಾಶ್‌ಕಾರ್ಡ್ ಓದಲೆಂದೇ ಇರುವ ಆ್ಯಪ್. ಅನಿಮೇಶನ್ ದೃಷ್ಟಿಯಿಂದ ಇದು ಬಡವ. ನೆನಪಿನ ದೃಷ್ಟಿಯಿಂದ ಇದನ್ನು ಮೀರಿಸುವುದು ಈ ಪಟ್ಟಿಯಲ್ಲಿ ಇಲ್ಲ. 2006ರಿಂದ ಇದೆ. ಎಷ್ಟು ಸುಲಭವಾಗಿ ನೆನಪಾಯಿತು ಎಂದು ನೀವು ಒತ್ತಿದ್ದನ್ನು ನೋಡಿಕೊಂಡು, ಮುಂದಿನ ಸಲ ಆ ಕಾರ್ಡನ್ನು ಯಾವ ದಿನ ತೋರಿಸಬೇಕು ಎಂದು ತಾನೇ ಲೆಕ್ಕ ಹಾಕುತ್ತದೆ. ಗೊತ್ತಿರುವುದು ವಾರಗಳ ಮೇಲೆ, ಗೊತ್ತಿಲ್ಲದ್ದು ನಾಳೆಯೇ. ಆಂಡ್ರಾಯ್ಡಿನಲ್ಲಿ ಆಂಕಿಡ್ರಾಯ್ಡ್ ಪುಕ್ಕಟೆ, ಐಫೋನಿನ ಆ್ಯಪಿಗೆ ಹಣ ಕೊಡಬೇಕು. ನೆಟ್ ಇಲ್ಲದೆ ಓಡುತ್ತದೆ. ವರ್ಷಗಟ್ಟಲೆ ಓದುವ ಕೆಎಎಸ್ ಅಭ್ಯರ್ಥಿಗೆ, ಔಷಧಗಳ ಹೆಸರು ನೆನಪಿಡಬೇಕಾದ ನರ್ಸಿಂಗ್ ವಿದ್ಯಾರ್ಥಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಶಿಕ್ಷಕರಿಗೆ ಮಾತ್ರ ಯಾರು ಓದಿದರು, ಯಾರು ಬಿಟ್ಟರು ಎಂಬುದು ಇದರಲ್ಲಿ ಕಾಣುವುದಿಲ್ಲ, ಕೋರ್ಸಿನ ಪುಟದೊಳಗೆ ಕೂಡಿಸಲೂ ಬರುವುದಿಲ್ಲ. ತಿರುಗುವ ಚೆಂದ ಬೇಕೇ ಬೇಕು ಅನ್ನುವವರು ಕಾರ್ಡ್ ಟೆಂಪ್ಲೇಟಿನಲ್ಲಿ ಸಿಎಸ್‌ಎಸ್ (ಪುಟದ ನೋಟವನ್ನು ಹೇಳುವ ಕೋಡ್) ಬರೆದು ತರಿಸಬಹುದು.

ಸ್ವಂತ ವೆಬ್ ಪುಟ

ಎಚ್‌ಟಿಎಂಎಲ್ ಬಲ್ಲ ಒಬ್ಬರು ನಿಮ್ಮ ಜೊತೆ ಇದ್ದರೆ ಇದೇ ಎಲ್ಲಕ್ಕಿಂತ ಹಗುರ. ಫೋಟೋ ಬಿಟ್ಟರೆ ಇಡೀ ಪುಟ ಕೆಲವು ಕಿಲೋಬೈಟು. ಗಿಟ್‌ಹಬ್ ಪೇಜಸ್ ಎಂಬ ತಾಣದಲ್ಲಿ ಖರ್ಚಿಲ್ಲದೆ ಇಡಬಹುದು. ಫ್ಲಿಪ್‌ನ ಹೂರಣ ಸಿಎಸ್‌ಎಸ್‌ನ ನಾಲ್ಕು ಮಾತಿನಲ್ಲಿ ಮುಗಿಯುತ್ತದೆ: ಹೊರ ಚೌಕಕ್ಕೆ ಪರ್ಸ್‌ಪೆಕ್ಟಿವ್, ಒಳ ಚೌಕಕ್ಕೆ ಪ್ರಿಸರ್ವ್-3ಡಿ, ಹಿಂಬದಿಗೆ 180 ಡಿಗ್ರಿ ರೊಟೇಟ್-ವೈ, ಎರಡೂ ಬದಿಗೆ ಬ್ಯಾಕ್‌ಫೇಸ್-ವಿಸಿಬಿಲಿಟಿ ಹಿಡನ್. ಮುಟ್ಟಿದಾಗ ಒಳ ಚೌಕ 180 ಡಿಗ್ರಿ ತಿರುಗಬೇಕು, 500 ಮಿಲಿಸೆಕೆಂಡು ಹದವಾದ ಅಳತೆ.

ಅಂತರ್ಜಾಲದಲ್ಲಿ ಸಿಗುವ ಮಾದರಿ ಕೋಡಿನಲ್ಲಿ ಸಾಮಾನ್ಯವಾಗಿ ಎರಡೂ ಬದಿಯನ್ನು ಪೊಸಿಶನ್ ಆಬ್ಸೊಲ್ಯೂಟ್ ಮಾಡಿ, ಎತ್ತರವನ್ನು ಗಟ್ಟಿಯಾಗಿ ಕಟ್ಟಿರುತ್ತಾರೆ. ಇಂಗ್ಲಿಷಿನ ಒಂದು ಪದಕ್ಕೆ ಅದು ಸಾಕು. ಕನ್ನಡದ ಮೂರು ಸಾಲಿನ ಉತ್ತರ ಅದರಿಂದ ಹೊರಗೆ ಚೆಲ್ಲುತ್ತದೆ. ಎರಡೂ ಬದಿಯನ್ನು ಗ್ರಿಡ್‌ನ ಒಂದೇ ಕೋಣೆಯಲ್ಲಿ ಇಟ್ಟರೆ ಉದ್ದವಾದ ಬದಿಗೆ ತಕ್ಕಂತೆ ಕಾರ್ಡ್ ತಾನೇ ಬೆಳೆಯುತ್ತದೆ. ಲೈನ್-ಹೈಟ್ 1.6ಕ್ಕಿಂತ ಕಡಿಮೆ ಮಾಡಬೇಡಿ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿದರೆ ಎಲ್ಲ ಫೋನಿನಲ್ಲೂ ಒಂದೇ ರೀತಿ ಕಾಣುತ್ತದೆ. ಉರ್ದು ಬದಿಗೆ ದಿಕ್ಕನ್ನು ಬಲದಿಂದ ಎಡಕ್ಕೆ ಎಂದು ಹೇಳಿ, ಸಾಲಿನ ಎತ್ತರವನ್ನು ಇನ್ನೂ ಹೆಚ್ಚಿಸಿ.

ಕಣ್ಣು ಕಾಣದ ವಿದ್ಯಾರ್ಥಿಗಳು ಪರದೆಯ ಮೇಲಿನದನ್ನು ದನಿಯಲ್ಲಿ ಓದಿ ಹೇಳುವ ಟಾಕ್‌ಬ್ಯಾಕ್ ಬಳಸಿ ಓದುತ್ತಾರೆ. ಕಣ್ಣಿಗೆ ಮರೆಯಾದ ಹಿಂಬದಿ ಟಾಕ್‌ಬ್ಯಾಕಿಗೆ ಮರೆಯಾಗಿರುವುದಿಲ್ಲ. ಪ್ರಶ್ನೆಯ ಬೆನ್ನಿಗೇ ಉತ್ತರವನ್ನೂ ಓದಿಬಿಡುತ್ತದೆ, ಯೋಚಿಸುವ ಅವಕಾಶ ಅವರಿಗೆ ಮಾತ್ರ ತಪ್ಪುತ್ತದೆ. ಕಾಣದಿರುವ ಬದಿಗೆ ಇನರ್ಟ್ ಎಂಬ ಗುಣ ಹಾಕಿ, ತಿರುಗಿದಾಗ ತೆಗೆಯಿರಿ. ಕಾರ್ಡನ್ನು ಬಟನ್ ಆಗಿಯೇ ಬರೆದರೆ ಕೀಬೋರ್ಡಿನಿಂದಲೂ ತಿರುಗುತ್ತದೆ. ತಿರುಗುವ ಚಲನೆಯಿಂದ ತಲೆಸುತ್ತು ಬರುವವರು ಫೋನಿನಲ್ಲಿ ಅನಿಮೇಶನ್ ನಿಲ್ಲಿಸಿಟ್ಟಿರುತ್ತಾರೆ. ಪ್ರಿಫರ್ಸ್-ರೆಡ್ಯೂಸ್ಡ್-ಮೋಶನ್ ಎಂಬ ಸಿಎಸ್‌ಎಸ್ ಪ್ರಶ್ನೆಯಿಂದ ಅದನ್ನು ತಿಳಿದು ಅವರಿಗೆ ನೇರವಾಗಿ ಉತ್ತರದ ಬದಿಯನ್ನು ತೋರಿಸಬಹುದು.

ಇದರ ಕಷ್ಟ ಒಂದೇ, ಬರೆದವರು ಬಿಟ್ಟುಹೋದರೆ ತಿದ್ದುವವರಿಲ್ಲ. ಹಾಗಾಗಿ ಕಾರ್ಡಿನ ಪಠ್ಯವನ್ನು ಕೋಡಿನೊಳಗೆ ಹೂಳದೆ ಪ್ರತ್ಯೇಕ ಫೈಲಿನಲ್ಲಿ ಇಡಿಸಿ.

ನಿಮ್ಮ ಸ್ಥಿತಿಗೆ ಯಾವುದು

ನೀವು ಒಬ್ಬರೇ ಮೇಷ್ಟ್ರು, ಖರ್ಚು ಮಾಡುವಂತಿಲ್ಲ, ತರಗತಿಯಲ್ಲೇ ತೋರಿಸುತ್ತೀರಿ ಎಂದಾದರೆ ಪವರ್‌ಪಾಯಿಂಟ್ ಬಿಟ್ಟು ಬೇರೆ ಕಡೆ ನೋಡಬೇಡಿ. ಮಕ್ಕಳು ಮನೆಯಲ್ಲೂ ಓದಬೇಕು ಎಂದಾದ ದಿನ ಲೂಮಿ ಇಳಿಸಿಕೊಳ್ಳಿ. ಕಾಲೇಜಿನಲ್ಲಿ ಮೂಡಲ್ ನಡೆಯುತ್ತಿದ್ದರೆ ಡೈಲಾಗ್ ಕಾರ್ಡ್ಸ್ ಮತ್ತು ಕ್ವಿಜ್ ಜೋಡಿ ಸಾಕು. ಕೋಚಿಂಗ್ ಕೇಂದ್ರಕ್ಕೆ ನನ್ನ ಸಲಹೆ ಎರಡು ಪದರದ್ದು: ಕೋರ್ಸಿನೊಳಗೆ ಪರಿಚಯಕ್ಕೆ ಎಚ್5ಪಿ, ಪರೀಕ್ಷೆಯವರೆಗೆ ದಿನವೂ ಓದಲು ಅದೇ ಕಾರ್ಡುಗಳ ಆಂಕಿ ಡೆಕ್. ಕೋಡ್ ಬರೆಯಬಲ್ಲ ಹಳೆಯ ವಿದ್ಯಾರ್ಥಿ ಜೊತೆಗಿದ್ದು, ಕಲಿಯುವವರು ಹಳ್ಳಿಗಳಲ್ಲಿ ಚದುರಿದ್ದರೆ ಸ್ವಂತ ಪುಟವೇ ಮೇಲು, ರೈತರಿಗೂ ಅದೇ. ಸ್ಟೋರಿಲೈನ್ ಚಂದಾ ಕಟ್ಟುವುದು ಅದರಿಂದಲೇ ದುಡಿಯುವವರಿಗೆ ಬಿಡಿ.

ಯಾವುದನ್ನೇ ಆರಿಸಿ, ಮೊದಲು ಒಂದು ಗೂಗಲ್ ಶೀಟ್ ತೆರೆಯಿರಿ. ಪ್ರಶ್ನೆ, ಉತ್ತರ, ಸುಳಿವು, ಚಿತ್ರದ ಫೈಲ್ ಹೆಸರು, ದನಿಯ ಫೈಲ್ ಹೆಸರು ಎಂದು ಐದು ಕಾಲಂ ಸಾಕು. ಶೀಟನ್ನು ಸಿಎಸ್‌ವಿ ಎಂಬ ಸರಳ ಪಠ್ಯದ ಫೈಲು ಮಾಡಿದರೆ ಆಂಕಿ ನೇರವಾಗಿ ಓದಿಕೊಳ್ಳುತ್ತದೆ, ವೆಬ್ ಪುಟಕ್ಕೂ ಅದೇ ಫೈಲ್ ಆಗುತ್ತದೆ. ಎಚ್5ಪಿಗೆ ನಕಲು ಮಾಡಿ ಅಂಟಿಸಿದರೆ ಆಯಿತು. ಹಳೆಯ ನೋಟ್ಸ್ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಶೀಟಿಗೆ ಹಾಕುವ ಮುಂಚೆಯೇ ಯೂನಿಕೋಡಿಗೆ ಬದಲಿಸಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಫೋನಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಒಂದೊಂದಾಗಿ ಕಣ್ಣಾಡಿಸಿ ನೋಡಿ. ಆಮೇಲೆ ಐದು ಕಾರ್ಡಷ್ಟೇ ಮಾಡಿ, ನಿಮ್ಮ ವಿದ್ಯಾರ್ಥಿಗಳಲ್ಲಿ ಯಾರ ಫೋನು ಎಲ್ಲಕ್ಕಿಂತ ಹಳೆಯದೋ ಅವರ ಕೈಗೆ ಕೊಟ್ಟು ನೋಡಿ, ಉಳಿದದ್ದನ್ನು ಮುಂದುವರಿಸಿ.